ಅಪ್‌ಡೇಟ್ ಆದ ಮೇಲೆ ಮೂಕವಾದ ಕೀಬೋರ್ಡ್

ಪ್ರಶ್ನೆ: ಮಾನ್ಯರೇ, ನಾನು ಮಲ್ಲೇಶ್ವರದಲ್ಲಿರುವ ನಿವೃತ್ತ ಶಿಕ್ಷಕಿ. ನನ್ನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11 ಇದೆ. ಕಳೆದ ವಾರ ರಾತ್ರಿ ಅಪ್‌ಡೇಟ್ ಆಯಿತು. ಬೆಳಿಗ್ಗೆ ತೆರೆದರೆ ಕೀಬೋರ್ಡಿನಿಂದ ಒಂದಕ್ಷರವೂ ಮೂಡಲಿಲ್ಲ. ಪಿನ್ ಹಾಕಲೂ ಆಗುತ್ತಿಲ್ಲ. ಮೌಸ್ ಮಾತ್ರ ಓಡಾಡುತ್ತದೆ. ರಿಪೇರಿ ಅಂಗಡಿಯವರು ಎರಡು ಕೀಲಿ ಒತ್ತಿ ನೋಡಿ, ‘ಕೀಬೋರ್ಡ್ ಹೋಗಿದೆ ಮೇಡಂ, ಬದಲಾಯಿಸೋಣ, ಅದಕ್ಕೂ ಆಗದಿದ್ದರೆ ಮದರ್‌ಬೋರ್ಡ್’ ಎಂದರು. ಅಪ್‌ಡೇಟ್‌ನಿಂದ ಕೀಬೋರ್ಡ್ ಕೆಡುವುದುಂಟೇ? ಹಣ ಕೊಡುವ ಮೊದಲು ನಾನೇ ಏನಾದರೂ ಪರೀಕ್ಷಿಸಬಹುದೇ?

ಉತ್ತರ: ಪರೀಕ್ಷಿಸಬಹುದು, ಪರೀಕ್ಷಿಸಲೇಬೇಕು, ಅದಕ್ಕೆ ಸ್ಕ್ರೂಡ್ರೈವರ್ ಕೂಡ ಬೇಡ. ನೀವು ಕೀಲಿಯನ್ನು ಒತ್ತಿದಾಗ ಅದರ ಕೆಳಗಿನ ತೆಳು ಹಾಳೆಯಲ್ಲಿ ಎರಡು ತಂತಿಗಳು ಕೂಡುತ್ತವೆ. ಲ್ಯಾಪ್‌ಟಾಪಿನೊಳಗಿನ ಪುಟ್ಟ ನಿಯಂತ್ರಕವೊಂದು ಅದು ಯಾವ ಕೀಲಿಯೆಂದು ಗುರುತಿಸಿ ಒಂದು ಸಂಖ್ಯೆಯನ್ನು ಕಳುಹಿಸುತ್ತದೆ. ವಿಂಡೋಸ್‌ನ ಡ್ರೈವರ್ ಆ ಸಂಖ್ಯೆಯನ್ನು ಪಡೆದು ಮೇಲಕ್ಕೆ ಸಾಗಿಸುತ್ತದೆ. ಅಲ್ಲಿ ಅದು ಅಕ್ಷರವಾಗಿ ಬದಲಾಗುತ್ತದೆ. ಅಪ್‌ಡೇಟ್ ಸಾಮಾನ್ಯವಾಗಿ ಮುಟ್ಟುವುದು ಡ್ರೈವರ್ ಮತ್ತು ಅದರಿಂದ ಮೇಲಿನ ಹಂತಗಳನ್ನು ಮಾತ್ರ. ತಂತಿ, ಹಾಳೆ, ಕೀಲಿಗಳನ್ನು ಅದು ಕೆಡಿಸಲಾರದು. ಹಾಗೆಂದು ಅಂಗಡಿಯವರ ಮಾತು ಸುಳ್ಳೇ ಆಗಬೇಕೆಂದಿಲ್ಲ. ಚಹಾ ಚೆಲ್ಲಿದ ದಿನವೂ ಅಪ್‌ಡೇಟ್ ಆದ ದಿನವೂ ಒಂದೇ ಆಗಿರಬಹುದು.

ಆದ್ದರಿಂದ ಮೊದಲು ವಿಂಡೋಸ್ ಇನ್ನೂ ಕಣ್ಣು ಬಿಡದಿರುವ ಹೊತ್ತಿನಲ್ಲಿ ಕೀಬೋರ್ಡನ್ನು ಪರೀಕ್ಷಿಸಿ. ಲಾಗಿನ್ ಪರದೆಯ ಕೆಳಮೂಲೆಯ ಪವರ್ ಚಿಹ್ನೆಯನ್ನು ಮೌಸಿನಿಂದ ಒತ್ತಿ ‘ರೀಸ್ಟಾರ್ಟ್’ ಆರಿಸಿಕೊಳ್ಳಿ. ‘ಶಟ್ ಡೌನ್’ ಬೇಡ. ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಚಾಲನೆಯಲ್ಲಿದ್ದರೆ ಶಟ್ ಡೌನ್ ಮಾಡಿದಾಗಲೂ ವಿಂಡೋಸ್‌ನ ತಿರುಳು ಡಿಸ್ಕಿನಲ್ಲಿ ಹಾಗೆಯೇ ಉಳಿದು, ಮರುದಿನ ಹಳೆಯ ತೊಂದರೆಯೊಂದಿಗೇ ಎದ್ದು ಬರುತ್ತದೆ. ಕಂಪನಿಯ ಲಾಂಛನ ಕಾಣಿಸುವ ಮೊದಲೇ ಎಫ್2 ಕೀಲಿಯನ್ನು ಬಿಟ್ಟು ಬಿಟ್ಟು ಒತ್ತುತ್ತಿರಿ. ಕೆಲವು ತಯಾರಿಕೆಗಳಲ್ಲಿ ಅದು ಡಿಲೀಟ್, ಎಸ್ಕೇಪ್ ಅಥವಾ ಎಫ್10 ಆಗಿರುತ್ತದೆ. ಬಯಾಸ್ (ವಿಂಡೋಸ್‌ಗಿಂತ ಮೊದಲು ಏಳುವ, ಲ್ಯಾಪ್‌ಟಾಪಿನೊಳಗಿನ ಮೂಲ ತಂತ್ರಾಂಶ) ಪರದೆ ತೆರೆದುಕೊಂಡು, ಬಾಣದ ಕೀಲಿಗಳಿಗೆ ಆಯ್ಕೆ ಮೇಲೆ ಕೆಳಗೆ ಚಲಿಸಿದರೆ ನಿಮ್ಮ ಕೀಬೋರ್ಡ್ ಆರೋಗ್ಯವಾಗಿದೆ, ಅಂಗಡಿಗೆ ಹೋಗುವ ಅಗತ್ಯವಿಲ್ಲ. ಅಲ್ಲಿ ಏನನ್ನೂ ಬದಲಿಸದೆ, ಉಳಿಸದೆ ಹೊರಬನ್ನಿ. ಅಲ್ಲಿಯೂ ಯಾವ ಕೀಲಿಗೂ ಸ್ಪಂದನೆಯಿಲ್ಲದಿದ್ದರೆ, ಲ್ಯಾಪ್‌ಟಾಪನ್ನು ಆರಿಸಿ, ಚಾರ್ಜರ್ ಕಿತ್ತು, ಪವರ್ ಗುಂಡಿಯನ್ನು ಸುಮಾರು 30 ಸೆಕೆಂಡು ಒತ್ತಿ ಹಿಡಿದು ಮತ್ತೊಮ್ಮೆ ನೋಡಿ; ಒಳಗಿನ ನಿಯಂತ್ರಕವೇ ಮಂಕಾಗಿದ್ದರೆ ಇಷ್ಟಕ್ಕೆ ಎಚ್ಚೆತ್ತುಕೊಳ್ಳುವುದುಂಟು. ಅದಕ್ಕೂ ಬಗ್ಗದಿದ್ದರೆ ಮಾತ್ರ ಅಂಗಡಿಯವರ ಮಾತನ್ನು ನಂಬಿ.

ಬಯಾಸ್‌ನಲ್ಲಿ ಸರಿಯಿದೆ ಎಂದಾದರೆ ಮುಂದಿನ ಕೆಲಸ ಒಳಗೆ ಹೋಗುವುದು. ಲಾಗಿನ್ ಪರದೆಯ ಬಲಗಡೆ ಕೆಳಗೆ ಮನುಷ್ಯಾಕೃತಿಯ ಚಿಹ್ನೆಯೊಂದಿದೆ. ಅದನ್ನು ಒತ್ತಿ ‘ಆನ್-ಸ್ಕ್ರೀನ್ ಕೀಬೋರ್ಡ್’ ಆರಿಸಿದರೆ ಪರದೆಯ ಮೇಲೆಯೇ ಕೀಲಿಗಳು ಬರುತ್ತವೆ. ಮೌಸಿನಿಂದಲೇ ಪಿನ್ ಹಾಕಬಹುದು. ಈಗ ನಿಜವಾದ ಕೀಬೋರ್ಡಿನ ಕ್ಯಾಪ್ಸ್ ಲಾಕನ್ನು ಒಂದೆರಡು ಸೆಕೆಂಡು ಬಿಡದೆ ಒತ್ತಿ, ಅದರ ದೀಪವನ್ನೇ ಗಮನಿಸಿ. ಆ ದೀಪವನ್ನು ಬೆಳಗಿಸುವಂತೆ ಹೇಳುವುದು ಕೀಲಿಯಲ್ಲ, ವಿಂಡೋಸ್. ದೀಪ ಹೊತ್ತಿ ಆರುತ್ತಿದ್ದರೆ ನಿಮ್ಮ ಒತ್ತು ವಿಂಡೋಸ್‌ನವರೆಗೆ ಹೋಗಿ ಮರಳಿ ಬಂದಿದೆ ಎಂದರ್ಥ. ತೊಂದರೆ ಇರುವುದು ಅದಕ್ಕೂ ಮೇಲೆ.

ದೀಪ ಹೊತ್ತಿಯೂ ಅಕ್ಷರ ಮೂಡದಿದ್ದರೆ ನಾನು ಮೊದಲು ಅನುಮಾನಿಸುವುದು ‘ಫಿಲ್ಟರ್ ಕೀಸ್’ ಎಂಬ ಸೌಲಭ್ಯವನ್ನು. ಕೈ ನಡುಗುವವರ ಅನುಕೂಲಕ್ಕಾಗಿ, ಕ್ಷಣಮಾತ್ರ ತಗುಲಿದ ಒತ್ತನ್ನು ಕಡೆಗಣಿಸುವಂತೆ ಇದನ್ನು ಮಾಡಿದ್ದಾರೆ. ಬಲಗಡೆಯ ಶಿಫ್ಟ್ ಕೀಲಿಯನ್ನು 8 ಸೆಕೆಂಡು ಒತ್ತಿ ಹಿಡಿದರೆ ಇದರ ಪ್ರಶ್ನೆ ಪರದೆಯಲ್ಲಿ ಬರುತ್ತದೆ, ನಾವು ಓದದೆ ‘ಯೆಸ್’ ಎನ್ನುತ್ತೇವೆ. ನಾನೇ ಒಮ್ಮೆ ಪತ್ರವೊಂದರ ಮುಂದಿನ ವಾಕ್ಯವನ್ನು ಯೋಚಿಸುತ್ತ ಕಿರುಬೆರಳನ್ನು ಆ ಕೀಲಿಯ ಮೇಲೆ ಊರಿಕೊಂಡು ಕುಳಿತು, ಆಮೇಲೆ ಅರ್ಧ ದಿನ ಕೀಬೋರ್ಡನ್ನು ಬೈದಿದ್ದೇನೆ. ಯಾವುದಾದರೂ ಅಕ್ಷರವನ್ನು ಒಂದೆರಡು ಸೆಕೆಂಡು ಬಿಡದೆ ಒತ್ತಿ ನೋಡಿ. ಆಗ ಅಕ್ಷರ ಮೂಡಿದರೆ ರೋಗ ಇದೇ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ಭಾಗದಲ್ಲಿ ಕೀಬೋರ್ಡ್ ಎಂಬಲ್ಲಿಗೆ ಹೋಗಿ ಅದನ್ನು ಆಫ್ ಮಾಡಿ.

ದೀಪವೇ ಹೊತ್ತದಿದ್ದರೆ ಡ್ರೈವರ್ ಕಡೆ ತಿರುಗಬೇಕು. ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲ ಗುಂಡಿ ಒತ್ತಿ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ‘ಕೀಬೋರ್ಡ್ಸ್’ ಎಂಬುದರ ಕೆಳಗೆ ಬಹುಶಃ ‘ಸ್ಟ್ಯಾಂಡರ್ಡ್ ಪಿಎಸ್/2 ಕೀಬೋರ್ಡ್’ ಎಂದಿರುತ್ತದೆ. 1987ರಲ್ಲಿ ಐಬಿಎಂ ತಂದ ಗುಂಡನೆಯ ಸಾಕೆಟ್ಟಿನ ಹೆಸರು ಅದು. ಆ ಸಾಕೆಟ್ ಕಣ್ಮರೆಯಾದರೂ ಬಹಳಷ್ಟು ಲ್ಯಾಪ್‌ಟಾಪ್‌ಗಳ ಒಳಗಿನ ಕೀಬೋರ್ಡ್ ಇಂದಿಗೂ ಅದೇ ಭಾಷೆಯನ್ನಾಡುತ್ತದೆ. ಆ ಹೆಸರಿನ ಮೇಲೆ ಬಲ ಗುಂಡಿ ಒತ್ತಿ ‘ಅನ್‌ಇನ್‌ಸ್ಟಾಲ್ ಡಿವೈಸ್’ ಆರಿಸಿ, ರೀಸ್ಟಾರ್ಟ್ ಮಾಡಿ. ಹೆದರಬೇಡಿ, ವಿಂಡೋಸ್ ಮತ್ತೆ ಎದ್ದಾಗ ಕೀಬೋರ್ಡನ್ನು ತಾನೇ ಹುಡುಕಿ ಡ್ರೈವರನ್ನು ಹೊಸದಾಗಿ ಕೂರಿಸುತ್ತದೆ. ಬಹುಪಾಲು ಪ್ರಕರಣಗಳು ಇಲ್ಲಿಗೆ ಮುಗಿಯುತ್ತವೆ.

ಮುಗಿಯದೆ, ಆ ಹೆಸರಿನ ಪಕ್ಕದಲ್ಲಿ ಹಳದಿ ಗುರುತೂ ಅದರ ವಿವರದಲ್ಲಿ ‘ಕೋಡ್ 39’ ಅಥವಾ ‘ಕೋಡ್ 19’ ಎಂಬ ಸಂದೇಶವೂ ಕಂಡರೆ ಸಂಗತಿ ಬೇರೆ. ಲ್ಯಾಪ್‌ಟಾಪ್ ತಯಾರಕರ ವಿಶೇಷ ಕೀಲಿಗಳ ತಂತ್ರಾಂಶ, ಕೆಲವು ಆಟದ ಅಥವಾ ಭದ್ರತೆಯ ತಂತ್ರಾಂಶಗಳು ಕೀಬೋರ್ಡ್ ಡ್ರೈವರಿನ ದಾರಿಯಲ್ಲಿ ತಮ್ಮದೊಂದು ಜರಡಿಯನ್ನು ಇಟ್ಟಿರುತ್ತವೆ. ಅಪ್‌ಡೇಟ್‌ನ ನಂತರ ಆ ಜರಡಿಯ ಕಡತ ಹೊಂದದೆ ಹೋಗಿ, ವಿಂಡೋಸ್ ತನ್ನ ವ್ಯವಸ್ಥೆಗಳನ್ನು ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಅದರ ಹೆಸರು ಮಾತ್ರ ಉಳಿದರೆ, ವಿಂಡೋಸ್ ಇಲ್ಲದ ಜರಡಿಯನ್ನು ಹುಡುಕುತ್ತ ಇಡೀ ಕೀಬೋರ್ಡನ್ನೇ ನಿಲ್ಲಿಸಿಬಿಡುತ್ತದೆ. ಇಂಥ ಜರಡಿಗಳ ಹೆಸರಿರುವ, ರಿಜಿಸ್ಟ್ರಿಯ ‘ಅಪ್ಪರ್ ಫಿಲ್ಟರ್ಸ್’ ಪಟ್ಟಿಯಲ್ಲಿ ವಿಂಡೋಸ್‌ನದೇ ಆದ ‘ಕೆಬಿಡಿಕ್ಲಾಸ್’ ಎಂಬ ಹೆಸರಂತೂ ಇರಲೇಬೇಕು. ಇದನ್ನು ತಿದ್ದಲು ನಿಮ್ಮ ಮನೆಯ ಸುತ್ತಮುತ್ತ ಇರುವ ಯಾರಾದರೂ ಸಾಫ್ಟ್‌ವೇರ್ ಉದ್ಯೋಗಿಯನ್ನು ಕರೆಯಿರಿ (ಬೆಂಗಳೂರಿನಲ್ಲಿ ಅದಕ್ಕೇನು ಕೊರತೆ), ಆದರೆ ನೀವೇ ಕೈಹಾಕಬೇಡಿ. ಒಂದು ಅಕ್ಷರ ತಪ್ಪಿದರೂ ಯಾವ ಕೀಬೋರ್ಡೂ ನಡೆಯದಂತಾಗುತ್ತದೆ. ವಾರ್ಷಿಕವಾಗಿ ಬರುವ ದೊಡ್ಡ ಅಪ್‌ಡೇಟ್ ಆಗಿದ್ದರೆ, ಸೆಟ್ಟಿಂಗ್ಸ್‌ನ ‘ರಿಕವರಿ’ ಭಾಗದಲ್ಲಿ ಮೊದಲ 10 ದಿನ ಹಿಂದಿನ ಆವೃತ್ತಿಗೆ ಮರಳುವ ಅವಕಾಶವಿರುತ್ತದೆ. ವಾರ ಕಳೆದಿದೆ ಎಂದಿದ್ದೀರಿ, ಹಾಗಾಗಿ ತಡಮಾಡಬೇಡಿ. ತೊಂದರೆ ಈ ಜರಡಿಯದಲ್ಲದಿದ್ದು, ಈ ನಡುವೆ ಕೆಲಸ ನಿಲ್ಲಬಾರದೆಂದಿದ್ದರೆ ಎಸ್.ಪಿ. ರಸ್ತೆಯಲ್ಲಿ ಸಾಧಾರಣ ಯುಎಸ್‌ಬಿ ಕೀಬೋರ್ಡ್ ಅಗ್ಗಕ್ಕೆ ಸಿಗುತ್ತದೆ.

ಪ್ರಶ್ನೆ: ಚಾಮರಾಜಪೇಟೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ; ಲಗ್ನಪತ್ರಿಕೆಗಳೇ ಹೆಚ್ಚು. ಅಪ್‌ಡೇಟ್ ಆದ ಮೇಲೆ ಇಂಗ್ಲಿಷ್ ಸರಿಯಾಗಿ ಬರುತ್ತದೆ, ಕನ್ನಡ ಮಾತ್ರ ಅಡ್ಡಾದಿಡ್ಡಿ. ವಧುವಿನ ಹೆಸರು ‘ಕಮಲ’ ಎಂದು ಟೈಪ್ ಮಾಡಿದರೆ ‘ಕಸತ’ ಎಂದು ಬಂತು. ಹದಿನೈದು ವರ್ಷಗಳಿಂದ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಕೀಲಿ ವಿನ್ಯಾಸದಲ್ಲೇ ಟೈಪ್ ಮಾಡುತ್ತಿದ್ದೇನೆ. ಕೀಬೋರ್ಡ್ ಬದಲಾಯಿಸಿದರೂ ಹಾಗೆಯೇ.

ಉತ್ತರ: ನಿಮ್ಮ ‘ಕಸತ’ವೇ ಕಾರಣವನ್ನು ಹೇಳುತ್ತಿದೆ. ನುಡಿಯಲ್ಲಿರುವ ಕೆ.ಪಿ. ರಾವ್ ವಿನ್ಯಾಸದಲ್ಲಿ ಇಂಗ್ಲಿಷಿನ ಕೆ, ಎಂ, ಎಲ್ ಕೀಲಿಗಳು ಕ, ಮ, ಲ ಅಕ್ಷರಗಳನ್ನು ಕೊಡುತ್ತವೆ. ವಿಂಡೋಸ್‌ನೊಂದಿಗೆ ಬರುವ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಅದೇ ಮೂರು ಕೀಲಿಗಳು ಕ, ಸ, ತ. ಎರಡೂ ವಿನ್ಯಾಸಗಳಲ್ಲಿ ‘ಕ’ ಒಂದೇ ಜಾಗದಲ್ಲಿರುವುದು ಕಾಕತಾಳೀಯ, ಅದರಿಂದಲೇ ನಿಮಗೆ ಕೀಬೋರ್ಡಿನ ಮೇಲೆ ಅನುಮಾನ ಹುಟ್ಟಿದ್ದು. ಅಂದರೆ ನುಡಿ ಚಾಲನೆಯಲ್ಲಿಲ್ಲ. ವಿಂಡೋಸ್‌ನ ಕನ್ನಡ ಕೀಲಿಮಣೆ ಅದರ ಜಾಗದಲ್ಲಿ ಕುಳಿತಿದೆ. ವಿಂಡೋಸ್ ಕೀಲಿಯನ್ನು ಒತ್ತಿಕೊಂಡೇ ಸ್ಪೇಸ್ ಒತ್ತಿದರೆ ಕೀಲಿಮಣೆಗಳು ಒಂದಾದ ಮೇಲೊಂದು ಬದಲಾಗುತ್ತವೆ. ಇಂಗ್ಲಿಷ್ ಆರಿಸಿಕೊಂಡು ಅದರ ಮೇಲೆ ನುಡಿಯನ್ನು ತೆರೆಯಿರಿ. ಇನ್‌ಸ್ಕ್ರಿಪ್ಟ್ ನಿಮಗೆ ಎಂದೂ ಬೇಡವೆಂದಾದರೆ ಸೆಟ್ಟಿಂಗ್ಸ್‌ನ ಭಾಷೆಯ ಭಾಗದಲ್ಲಿ ಅದನ್ನು ತೆಗೆದೇಬಿಡಿ. 2019ರ ಮೇ ತಿಂಗಳ ವಿಂಡೋಸ್ 10 ಆವೃತ್ತಿಯಿಂದ ‘ಕನ್ನಡ ಫೊನೆಟಿಕ್’ ಎಂಬ ಮತ್ತೊಂದು ಕೀಲಿಮಣೆಯೂ ಇದೆ, ಆದರೆ ಹದಿನೈದು ವರ್ಷ ಒಂದು ವಿನ್ಯಾಸಕ್ಕೆ ಪಳಗಿದ ಬೆರಳುಗಳಿಗೆ ಅದನ್ನು ನಾನು ಸೂಚಿಸಲಾರೆ.

ನೋಟ್‌ಪ್ಯಾಡಿನಲ್ಲಿ ಸರಿಯಾಗಿ ಬಂದು ಪುಟವಿನ್ಯಾಸದ ತಂತ್ರಾಂಶದಲ್ಲಿ ಮಾತ್ರ ಬರದಿದ್ದರೆ, ಆ ತಂತ್ರಾಂಶವನ್ನು ‘ಅಡ್ಮಿನಿಸ್ಟ್ರೇಟರ್’ ಆಗಿ ತೆರೆದಿದ್ದೀರಾ ನೋಡಿ. ಕೆಳಗಿನ ಅಧಿಕಾರದ ತಂತ್ರಾಂಶವು ಮೇಲಿನ ಅಧಿಕಾರದ ತಂತ್ರಾಂಶದ ಕೀಲಿಗಳಲ್ಲಿ ಕೈಯಾಡಿಸಲು ವಿಂಡೋಸ್ ಬಿಡುವುದಿಲ್ಲ.

ಪ್ರಶ್ನೆ: ವಿಂಡೋಸ್ ರಿಪೇರಿಯ ನೀಲಿ ಪರದೆಯಲ್ಲಿ ನನ್ನ ಯುಎಸ್‌ಬಿ ಕೀಬೋರ್ಡ್, ಮೌಸ್ ಎರಡೂ ಸತ್ತಂತಿವೆ. ವಿಂಡೋಸ್ ತೆರೆದಾಗ ಎರಡೂ ಸರಿಯಾಗಿವೆ. — ವಿಜಯನಗರದ ಓದುಗರು

ಉತ್ತರ: 2025ರ ಅಕ್ಟೋಬರ್ 14ರ ವಿಂಡೋಸ್ 11 ಅಪ್‌ಡೇಟ್ ಹಾಕಿದ ಗಣಕಗಳಲ್ಲಿ ಇದೇ ಆಗಿತ್ತು, ಮೈಕ್ರೋಸಾಫ್ಟ್ ಅದನ್ನು ಒಪ್ಪಿಕೊಂಡು ಅಕ್ಟೋಬರ್ 20ರಂದು ಕೆಬಿ5070773 ಎಂಬ ತಿದ್ದುಪಡಿಯನ್ನು ಹೊರತಂದಿತು. ನಿಮ್ಮ ವಿಂಡೋಸ್ ತೆರೆದುಕೊಳ್ಳುತ್ತಿರುವುದರಿಂದ ಅಪ್‌ಡೇಟ್‌ಗಳನ್ನು ಈಗಲೇ ಪೂರ್ತಿ ಹಾಕಿಕೊಂಡು, ಮತ್ತೊಮ್ಮೆ ರಿಪೇರಿ ಪರದೆಗೆ ಹೋಗಿ ಕೀಲಿಗಳನ್ನು ಒತ್ತಿ ನೋಡಿ.