ಬನವಾಸಿ-12000ಕ್ಕೆ ಗಡಿರೇಖೆ: ಮೊದಲು ಚುಕ್ಕಿ, ಆಮೇಲೆ ಗೆರೆ

ಶಾಸನಗಳಲ್ಲಿ ಬರುವ ಬನವಾಸಿ-12000 ಎಂಬ ಹಳೆಯ ನಾಡಿನ ಗಡಿ ಗುರುತಿಸಲು ಕ್ಯೂಜಿಐಎಸ್‌ನಲ್ಲಿ (ನಕ್ಷೆ ತಯಾರಿಸುವ ತಂತ್ರಾಂಶ) ವೊರೊನಾಯ್ (ಪ್ರತಿ ಜಾಗವನ್ನೂ ಅದಕ್ಕೆ ಅತಿ ಹತ್ತಿರದ ಚುಕ್ಕಿಗೆ ಸೇರಿಸುವ ವಿಧಾನ) ಹಾಕಿದರೆ ಆ ನಾಡು ಸಮುದ್ರದೊಳಕ್ಕೂ ಹೋಗುತ್ತಿದೆ ಎಂದಿದ್ದೀರಿ. ಹೋಗಲೇಬೇಕು: ಆ ವಿಧಾನ ಖಾಲಿ ಜಾಗವನ್ನೆಲ್ಲ ಯಾರಿಗಾದರೂ ಹಂಚಿಬಿಡುತ್ತದೆ, ನಡುವಿನ ಕಾಡು ಯಾರದ್ದೂ ಆಗಿರದಿದ್ದರೂ. ಪಾಲಿಗನ್ (ಮುಚ್ಚಿದ ಗಡಿಯ ಆಕೃತಿ) ಬಿಡಿ, ಚುಕ್ಕಿಗಳಿಂದ ಶುರುಮಾಡಿ. ಶಾಸನ ಸಿಕ್ಕ ಊರು, ಶಾಸನ ಹೆಸರಿಸುವ ಊರು ಇವೆರಡಕ್ಕೂ ಬೇರೆ ಬೇರೆ ಕಾಲಂ ಇಡಿ. ಏಕೆಂದರೆ ಶಾಸನದ ಕಲ್ಲುಗಳು ಎಷ್ಟೋ ಸಲ ಮೂಲ ಜಾಗ ಬಿಟ್ಟು ಮ್ಯೂಸಿಯಂ ಸೇರಿರುತ್ತವೆ. ಇಸವಿ, ಖಚಿತತೆ (1ರಿಂದ 3) ಸೇರಿಸಿ. ನಕ್ಷೆಯ ಪ್ರೊಜೆಕ್ಷನ್ ಅನ್ನು ಇಪಿಎಸ್‌ಜಿ 32643ಕ್ಕೆ (ಮೀಟರ್‌ನಲ್ಲಿ ಅಳೆಯುವ ವ್ಯವಸ್ಥೆಯ ಸಂಕೇತ ಸಂಖ್ಯೆ) ಬದಲಿಸಿ, ಇಲ್ಲದಿದ್ದರೆ ದೂರಗಳು ಡಿಗ್ರಿಯಲ್ಲಿ ಬರುತ್ತವೆ. ನಂತರ 50 ವರ್ಷಕ್ಕೊಂದು ಪದರ, 15 ಕಿ.ಮೀ. ತ್ರಿಜ್ಯದ ಹೀಟ್‌ಮ್ಯಾಪ್ (ಚುಕ್ಕಿಗಳ ದಟ್ಟಣೆಯನ್ನು ಬಣ್ಣದಲ್ಲಿ ತೋರಿಸುವ ನಕ್ಷೆ) ಹಾಕಿ, ಅಂಚು ಮಸುಕಾಗಿಯೇ ಇರಲಿ. ಊರ ಹೆಸರುಗಳನ್ನು ಕೈಯಾರೆ ನೋಡಿ: ಬಳ್ಳಿಗಾವೆ ಎಂದರೆ ಶಿಕಾರಿಪುರ ತಾಲೂಕಿನ ಬಳ್ಳಿಗಾವಿ, ಬೆಳಗಾವಿ ನಗರವಲ್ಲ. ಅಂದಹಾಗೆ, ನಾಡಿನ ಹೆಸರಿನಲ್ಲಿರುವ 12000ದ ಅರ್ಥವೇ ವಿವಾದದಲ್ಲಿದೆ. ಅದರಿಂದ ವಿಸ್ತೀರ್ಣ ಲೆಕ್ಕ ಹಾಕಬೇಡಿ.