ಜಿರಾಫೆ ಕಂಬಿ ನೆಕ್ಕುವುದು ಉಪ್ಪಿಗಾಗಿಯಾ?

ಪ್ರಶ್ನೆ: ರಜೆಯಲ್ಲಿ ಮಕ್ಕಳ ಜೊತೆ ಒಂದು ಮೃಗಾಲಯಕ್ಕೆ ಹೋಗಿದ್ದೆವು. ಅಲ್ಲಿನ ಜಿರಾಫೆ ಸುಮ್ನೆ ಕಂಬಿ ನೆಕ್ಕುತ್ತಾ ನಿಂತಿತ್ತು. ಉಪ್ಪು ಸಾಲದೆ ಹಾಗಾ? ಮಗಳು ಬಾಳೆಹಣ್ಣು ಕೊಡಲು ಹೋದರೆ ಕಾವಲಿನವರು ಬಿಡಲಿಲ್ಲ. ಹಣ್ಣಿನಿಂದ ಏನು ತೊಂದರೆ? ಅಂದಹಾಗೆ ಜಿರಾಫೆ ಅಕೇಶಿಯಾ ತಿನ್ನುತ್ತದಂತೆ. ನಮ್ಮೂರ ಗುಡ್ಡದ ತುಂಬ ಅದೇ ಇದೆಯಲ್ಲ!
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಉಪ್ಪು, ಖನಿಜ ಸಾಲದಿದ್ದರೂ ನೆಕ್ಕಬಹುದು. ಆದರೆ ಕಟ್ಟಿ ಸಾಕಿದ ಜಿರಾಫೆಗಳಲ್ಲಿ ಹೆಚ್ಚಾಗಿ ಕಾರಣ ಬೇರೆ. ನಾಲಗೆಗೆ ಕೆಲಸವಿಲ್ಲ.

ಆಫ್ರಿಕಾದ ಬಯಲಲ್ಲಿ ಅದಕ್ಕೆ ಮೇಯುವುದೇ ದೊಡ್ಡ ಕೆಲಸ. ಹುಲ್ಲಲ್ಲ, ಮರದ ಸೊಪ್ಪು. ಸುಮಾರು 45 ಸೆಂ.ಮೀ. ಉದ್ದದ ನಾಲಗೆಯನ್ನು ಮುಳ್ಳುಗಳ ನಡುವೆ ತೂರಿಸಿ, ರೆಂಬೆಗೆ ಸುತ್ತಿ, ಎಲೆ ಎಳೆದುಕೊಳ್ಳುತ್ತದೆ. ಮೇಲ್ದವಡೆಯಲ್ಲಿ ಮುಂದಿನ ಹಲ್ಲಿಲ್ಲ, ನಿಮ್ಮ ಕೊಟ್ಟಿಗೆಯ ಹಸುವಿನ ಹಾಗೇ. ಹೀಗೆ ತುತ್ತು ತುತ್ತಾಗಿ ದಿನಕ್ಕೆ 30 ಕಿಲೋ ಸೊಪ್ಪು ಮುಗಿಸುವುದುಂಟು. ಆಮೇಲೆ ಮೆಲುಕು. ಉಂಡೆ ಆ ಉದ್ದ ಕುತ್ತಿಗೆಯಲ್ಲಿ ಮೇಲೇರುವುದು ಹೊರಗಿನಿಂದಲೇ ಕಾಣುತ್ತದೆ. ಮುಂದಿನ ಸಲ ಮಕ್ಕಳಿಗೆ ತೋರಿಸಿ.

ಮೃಗಾಲಯದಲ್ಲಿ ಕುದುರೆಮಸಾಲೆಯ ಒಣಮೇವು, ಹಿಂಡಿ ಎಲ್ಲ ಮುಂದೆಯೇ ಬಂದು ಬೀಳುತ್ತದೆ, ಬೇಗ ಖಾಲಿಯಾಗುತ್ತದೆ. ಉಳಿದ ಹೊತ್ತು ನಾಲಗೆಗೆ ಕಂಬಿ, ಗೋಡೆಯೇ ಗತಿ. ಅದಕ್ಕೇ ಒಳ್ಳೆಯ ಕಡೆಗಳಲ್ಲಿ ಎಲೆ ಸಮೇತ ಕೊಂಬೆ ಕಡಿದು ಎತ್ತರಕ್ಕೆ ಕಟ್ಟುತ್ತಾರೆ. ಸಣ್ಣ ಕಿಂಡಿಯ ಬುಟ್ಟಿಯಲ್ಲಿ ಮೇವು ತುಂಬಿ, ಎಳೆದೆಳೆದು ತಿನ್ನುವಂತೆ ಮಾಡುತ್ತಾರೆ. ನನ್ನ ಕೇಳಿದರೆ ಹತ್ತು ಚೀಲ ಹಿಂಡಿಗಿಂತ ಒಂದು ಹೊರೆ ಸೊಪ್ಪು ಮೇಲು.

ಇನ್ನು ಬಾಳೆಹಣ್ಣು. ಹಲಸಿನ ಕಾಲದಲ್ಲಿ ಹಣ್ಣು ಜಾಸ್ತಿ ತಿಂದ ಹಸು, ಮದುವೆಮನೆಯ ಅನ್ನಕ್ಕೆ ಬಾಯಿ ಹಾಕಿದ ಹಸು ಹೊಟ್ಟೆ ಉಬ್ಬಿ ಒದ್ದಾಡುವುದನ್ನು ನೋಡಿರುತ್ತೀರಿ ಅಲ್ವಾ? ಇಲ್ಲೂ ಅದೇ ಕಥೆ. ಸಿಹಿ, ಪಿಷ್ಟ ಒಮ್ಮೆಗೇ ಒಳಗೆ ಹೋದರೆ ಮೆಲುಕಿನ ಹೊಟ್ಟೆ ಹುಳಿಯಾಗುತ್ತದೆ, ಮೆಲುಕೇ ನಿಲ್ಲುತ್ತದೆ. ನಿಮ್ಮ ಮಗಳ ಒಂದು ಹಣ್ಣಿಗೆ ಏನೂ ಆಗಲಿಕ್ಕಿಲ್ಲ. ಆದರೆ ಬಂದ ಮಕ್ಕಳೆಲ್ಲ ಒಂದೊಂದು ಕೊಟ್ಟರೆ?

ಅಕೇಶಿಯಾ ವಿಷಯದಲ್ಲಿ ಹೆಸರು ಮೋಸ ಮಾಡಿದೆ. ನಮ್ಮ ಗುಡ್ಡದ್ದು ಆಸ್ಟ್ರೇಲಿಯಾ ಕಡೆಯ ಮರ, ಮುಳ್ಳಿಲ್ಲ. ಎಲೆಯಂತೆ ಕಾಣುವುದು ನಿಜವಾಗಿ ಚಪ್ಪಟೆಯಾದ ತೊಟ್ಟು. ನಮ್ಮ ದನಗಳೇ ಅದನ್ನು ಮೂಸಿ ಮುಂದೆ ಹೋಗುತ್ತವೆ. ಜಿರಾಫೆ ತಿನ್ನುವುದು ಬಯಲುಸೀಮೆಯ ಜಾಲಿಯ ನೆಂಟರನ್ನು. ಹಾಗಾಗಿ ಜಿರಾಫೆ ಬಿಟ್ಟು ಪ್ಲಾಂಟೇಶನ್ ಬೋಳಿಸುವ ಆಸೆಯಿದ್ದರೆ ಬಿಟ್ಟುಬಿಡಿ!