ವರ್ಕ್‌ಶಾಪ್ ಪ್ರಶ್ನೋತ್ತರ: ಘಟ್ಟ ಹತ್ತಿದ ಮೇಲೆ ನೆನಪಾಗುವ ಹೀಟರ್

ಪ್ರಶ್ನೆ: ನನ್ನದು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು. ಡಿಸೆಂಬರ್‌ನಲ್ಲಿ ಸಂಪಾಜೆ ದಾರಿಯಲ್ಲಿ ಮಡಿಕೇರಿಗೆ ಹೋಗಿದ್ದೆವು. ಬೆಳಿಗ್ಗೆ ಚಳಿ ಅಂತ ಹೀಟರ್ ಹಾಕಿದರೆ ಗಾಳಿ ಜೋರಾಗಿ ಬಂತು, ಬಿಸಿ ಮಾತ್ರ ಇಲ್ಲ. ಟೆಂಪರೇಚರ್ ಮುಳ್ಳು ನಡುವೆಯೇ ಇತ್ತು. ಎಸಿ ಚೆನ್ನಾಗಿದೆ. ಊರಿಗೆ ಬಂದು ಗ್ಯಾರೇಜಿನಲ್ಲಿ ಕೇಳಿದರೆ ‘ಮಂಗಳೂರಲ್ಲಿ ಹೀಟರ್ ಎಂತಕ್ಕೆ’ ಎಂದು ನಕ್ಕರು. ಏನು ಹಾಳಾಗಿರಬಹುದು?
– ಓದುಗರು, ಕೊಟ್ಟಾರ, ಮಂಗಳೂರು

ಉತ್ತರ: ನಕ್ಕವರನ್ನು ಪೂರ್ತಿ ಬಯ್ಯುವ ಹಾಗಿಲ್ಲ. ಏಪ್ರಿಲ್ ಸೆಕೆಯಲ್ಲಿ ಪಂಪ್‌ವೆಲ್ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡವರಿಗೆ ಹೀಟರ್ ಯಾಕೆ ನೆನಪಾಗಬೇಕು? ಆದರೆ ಪೆಟ್ರೋಲ್, ಡೀಸೆಲ್ ಕಾರಿನಲ್ಲಿ ಹೀಟರ್ ಅಂದರೆ ಬೇರೊಂದು ಯಂತ್ರ ಅಲ್ಲ ಮಾರಾಯ್ರೇ. ಎಂಜಿನ್‌ನೊಳಗೆ ಸುತ್ತಿ ಬಿಸಿಯಾದ ಕೂಲಂಟೇ (ಎಂಜಿನ್ ತಂಪಾಗಿಡುವ ದ್ರವ) ಒಂದು ಪೈಪಿನಲ್ಲಿ ಡ್ಯಾಶ್‌ಬೋರ್ಡಿನ ಒಳಗೆ ಹೋಗಿ ಇನ್ನೊಂದರಲ್ಲಿ ವಾಪಸ್ ಬರುತ್ತದೆ. ಒಳಗೆ ಪುಸ್ತಕದಷ್ಟು ದೊಡ್ಡ ಚಿಕ್ಕ ರೇಡಿಯೇಟರ್ ಒಂದು ಉಂಟು. ಅದಕ್ಕೆ ಹೀಟರ್ ಕೋರ್ ಅನ್ನುತ್ತೇವೆ. ಬ್ಲೋವರ್ (ಫ್ಯಾನ್) ಗಾಳಿ ಅದನ್ನು ಹಾದು ಬಂದರೆ ನಿಮಗೆ ಬಿಸಿ. ಹಾಗಾಗಿ ಗಾಳಿ ತಣ್ಣಗೆ ಬಂದರೆ ನಾನು ಮೊದಲು ನೋಡುವುದು ಕೂಲಂಟ್.

ಎಂಜಿನ್ ಪೂರ್ತಿ ತಣ್ಣಗಿರುವಾಗ, ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮೊದಲೇ ನೋಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ. ಒಳಗೆ ಒತ್ತಡ ಇರುತ್ತದೆ, ತೆಗೆದ ಕೂಡಲೇ ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಕೂಲಂಟ್ ಕಮ್ಮಿ ಇದ್ದರೆ ಹೀಟರ್‌ಗೆ ಹೋಗುವ ಪೈಪಿನಲ್ಲಿ ಗಾಳಿ ತುಂಬಿಕೊಂಡಿರುತ್ತದೆ, ಬಿಸಿ ನೀರು ಅಲ್ಲಿಗೆ ಹೋಗುವುದೇ ಇಲ್ಲ. ನಿಂತಾಗ ತಣ್ಣಗೆ, ಆಕ್ಸಿಲರೇಟರ್ ಒತ್ತಿದಾಗ ಸ್ವಲ್ಪ ಬಿಸಿ ಅನಿಸಿದರೆ ಇದೇ ಕಥೆ ಅಂತ ಅಂದಾಜು ಮಾಡಬಹುದು. ಸುಮ್ನೆ ಮೇಲಿಂದ ತುಂಬಿಸಿದರೆ ಸಾಲದು, ಗಾಳಿ ಹೊರಗೆ ಬರಬೇಕು. ಮೂತಿ ಮೇಲಾಗುವ ಹಾಗೆ ಏರಿನಲ್ಲಿ ನಿಲ್ಲಿಸಿ, ತಣ್ಣಗಿರುವಾಗ ಮುಚ್ಚಳ ತೆಗೆದು, ಹೀಟರ್ ನಾಬ್ ಕೆಂಪಿಗೆ, ಅಂದರೆ ಬಿಸಿ ಕಡೆಗೆ, ತಿರುಗಿಸಿ, ಎಂಜಿನ್ ಓಡಿಸುತ್ತಾ ನಿಧಾನಕ್ಕೆ ತುಂಬಿಸುವುದು ರೂಢಿ. ಏರಿಗೆ ಮಂಗಳೂರಲ್ಲಿ ಬರಗಾಲವೇನೂ ಇಲ್ಲ. ಆದರೂ ಇದನ್ನು ಕೈ ಪಳಗಿದವರು ಮಾಡಲಿ. ಕೂಲಂಟ್ ಎಲ್ಲಿಗೆ ಹೋಯಿತು ಅಂತಲೂ ಅವರೇ ಹುಡುಕಲಿ.

ಮಟ್ಟ ಸರಿ ಇದೆಯಾ? ಹಾಗಾದರೆ ಎಂಜಿನ್ ಬಿಸಿ ಮಾಡಿ, ನಾಬ್ ಕೆಂಪಿಗೆ ಇಟ್ಟು, ಗಾಡಿ ಆಫ್ ಮಾಡಿ ಬಾನೆಟ್ ಎತ್ತಿ. ಎಂಜಿನ್ ಹಿಂದಿನ ತಗಡಿನ ಗೋಡೆಯ ಒಳಗೆ ಎರಡು ರಬ್ಬರ್ ಪೈಪ್ ಹೋಗುವುದು ಕಾಣುತ್ತದೆ. ಬಟ್ಟೆ ಹಿಡಿದು ಎರಡನ್ನೂ ಮುಟ್ಟಿ. ಎರಡೂ ಬಿಸಿ ಇದ್ದರೆ ನೀರು ಸರಿಯಾಗಿ ಓಡುತ್ತಿದೆ, ತೊಂದರೆ ಡ್ಯಾಶ್‌ಬೋರ್ಡಿನಲ್ಲಿ. ಬಿಸಿ ಗಾಳಿ, ತಣ್ಣನೆ ಗಾಳಿ ಬದಲಿಸುವ ಫ್ಲಾಪ್ ಸಿಕ್ಕಿಕೊಂಡಿರಬಹುದು, ಅಥವಾ ಅದರ ಕೇಬಲ್ ಕಳಚಿರಬಹುದು. ನಮ್ಮ ಕಡೆ ಇದು ಸಹಜ. ನಾಬ್ ವರ್ಷಗಟ್ಟಲೆ ನೀಲಿಯಲ್ಲೇ ಇರುತ್ತದೆ ಅಲ್ವಾ? ತಿಂಗಳಿಗೊಮ್ಮೆ ಹತ್ತು ನಿಮಿಷ ಕೆಂಪಿಗೆ ತಿರುಗಿಸಿ ಓಡಿಸಿ. ಬೆವರಿದರೆ ಬೆವರಲಿ.

ಒಂದು ಪೈಪ್ ಬಿಸಿ, ಇನ್ನೊಂದು ತಣ್ಣಗೆ ಇದ್ದರೆ ಕೋರ್ ಕಟ್ಟಿಕೊಂಡಿದೆ, ಇಲ್ಲವೇ ಪೈಪಿನ ನಡುವೆ ವಾಲ್ವ್ ಇರುವ ಗಾಡಿಯಾದರೆ ಅದು ಜಾಮ್ ಆಗಿದೆ. ಕೋರ್ ಕಟ್ಟಿಕೊಳ್ಳುವುದಕ್ಕೆ ಬಾವಿ ನೀರು, ನಳ್ಳಿ ನೀರು ತುಂಬಿಸುವ ಅಭ್ಯಾಸವೇ ಜಾಸ್ತಿ ಕಾರಣ. ಬರೀ ನೀರಿಗೆ ತುಕ್ಕು ತಡೆಯುವ ಶಕ್ತಿ ಇಲ್ಲ. ಆ ತುಕ್ಕಿನ ಕೆಸರು ಹೋಗಿ ಕೂರುವುದು ಕೋರ್‌ನ ಸಣ್ಣ ಸಣ್ಣ ನಳಿಗೆಗಳಲ್ಲಿ. ಹಿಂದುಮುಂದಾಗಿ ನೀರು ಬಿಟ್ಟು, ಮೆಲ್ಲಗೆ, ತೊಳೆದರೆ ಕೆಲವೊಮ್ಮೆ ಬಿಡುತ್ತದೆ. ಪ್ರೆಷರ್ ಜಾಸ್ತಿ ಕೊಟ್ಟರೆ ಹಳೇ ಕೋರ್ ಒಡೆದೇ ಹೋದೀತು.

ಎರಡು ಪೈಪೂ ಗೋಡೆಯ ಒಳಗೆ ಹೋಗದೆ, ಹೊರಗಡೆಯೇ ಒಂದಕ್ಕೊಂದು ಸೇರಿಸಿದ್ದು ಕಂಡರೆ ಮುಂದೆ ಹುಡುಕುವುದೇ ಬೇಡ. ಯಾರೋ ಹೀಟರ್ ಬೈಪಾಸ್ ಮಾಡಿದ್ದಾರೆ. ಕೋರ್ ಲೀಕ್ ಆದಾಗ ಡ್ಯಾಶ್‌ಬೋರ್ಡ್ ಬಿಚ್ಚುವ ಕೆಲಸ ತಪ್ಪಿಸಲು ಇದು ಸುಲಭದ ದಾರಿ. ಊರಲ್ಲಿ ಯಾರಿಗೂ ಗೊತ್ತೇ ಆಗುವುದಿಲ್ಲ. ನಿಮ್ಮದು ಸೆಕೆಂಡ್ ಹ್ಯಾಂಡ್, ಮುಳ್ಳು ಸರಿ ಇದೆ, ಬಿಸಿ ಚೂರೂ ಇಲ್ಲ. ನನ್ನ ಅನುಮಾನ ಮೊದಲು ಇದರ ಮೇಲೆ, ಆಮೇಲೆ ಫ್ಲಾಪಿನ ಮೇಲೆ.

ಇನ್ನೊಂದು ಮಾತು. ಘಟ್ಟ ಹತ್ತುವಾಗ ಮುಳ್ಳು ಮೇಲೇರತೊಡಗಿದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಹಾಕಿ. ಎಂಜಿನ್‌ನ ಬಿಸಿ ಅಷ್ಟು ಕಮ್ಮಿಯಾಗುತ್ತದೆ. ಮೊದಲು ಚೆನ್ನಾಗಿ ಕೆಲಸ ಮಾಡುತ್ತಿದ್ದ ಹೀಟರ್ ಆಗ ತಣ್ಣನೆ ಗಾಳಿ ಕೊಟ್ಟರೆ ಒಳಗೆ ಕೂಲಂಟ್ ಖಾಲಿಯಾಗುತ್ತಿದೆ ಅಂತ ತಿಳಿಯಿರಿ. ಜಾಗ ನೋಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ಮುಳ್ಳನ್ನೇ ನಂಬಿ ಮುಂದೆ ಹೋದರೆ ಎಂಜಿನ್ ಮೇಲ್ಭಾಗದ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್, ಸುಟ್ಟೀತು. ಕೂಲಂಟ್ ಸೆನ್ಸರ್‌ಗಿಂತ ಕೆಳಗೆ ಇಳಿದರೆ ಮುಳ್ಳು ಕೂಡ ಸುಳ್ಳು ಹೇಳುತ್ತದೆ.

ಪ್ರಶ್ನೆ: ನನ್ನ ಹಳೇ ಡೀಸೆಲ್ ಜೀಪಿನಲ್ಲಿ ಚಾರ್ಮಾಡಿ ಹತ್ತುವಾಗ ಹೀಟರ್ ಬಿಸಿ, ಕೊಟ್ಟಿಗೆಹಾರದಿಂದ ಇಳಿಯುವಾಗ ತಣ್ಣಗೆ. ಮುಳ್ಳೂ ಕೆಳಗೆ ಬರುತ್ತದೆ. ಕೂಲಂಟ್ ತುಂಬಿದೆ. – ಓದುಗರು, ಬೆಳ್ತಂಗಡಿ

ಉತ್ತರ: ಥರ್ಮೋಸ್ಟಾಟ್ ನೋಡಿಸಿ. ತೆರೆದೇ ಸಿಕ್ಕಿಕೊಂಡಿರಬೇಕು, ಅಥವಾ ಅದು ಇಲ್ಲವೇ ಇಲ್ಲ. ‘ನಮ್ಮ ಸೆಕೆಗೆ ಥರ್ಮೋಸ್ಟಾಟ್ ಯಾಕೆ’ ಅಂತ ತೆಗೆದು ಬಿಸಾಡುವ ಮೆಕ್ಯಾನಿಕ್‌ಗಳು ಇಲ್ಲಿ ಉಂಟು. ನನಗೆ ಅವರ ಮೇಲೆ ಸಿಟ್ಟು. ಸಾಮಾನ್ಯವಾಗಿ 80ರಿಂದ 90 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ತೆರೆದು ರೇಡಿಯೇಟರ್‌ಗೆ ದಾರಿ ಬಿಡುವ ವಾಲ್ವ್ ಅದು. ಇಲ್ಲದಿದ್ದರೆ ಕೂಲಂಟ್ ಯಾವಾಗಲೂ ರೇಡಿಯೇಟರ್ ಸುತ್ತುತ್ತಾ ಇರುತ್ತದೆ. ಇಳಿಜಾರಲ್ಲಿ ಎಂಜಿನ್‌ಗೆ ಕೆಲಸ ಇಲ್ಲ, ಹೊರಗೆ ತಂಪು ಗಾಳಿ, ಹಾಗಾಗಿ ಎಂಜಿನ್ ತಣ್ಣಗಾಗಿಬಿಡುತ್ತದೆ. ಹೀಟರ್ ಹೋದದ್ದು ಸಣ್ಣ ವಿಷಯ. ತಣ್ಣನೆ ಎಂಜಿನ್ ಡೀಸೆಲ್ ಜಾಸ್ತಿ ಕುಡಿಯುತ್ತದೆ, ಬೇಗ ಸವೆಯುತ್ತದೆ. ನಿಮ್ಮ ಎಂಜಿನ್‌ಗೆ ಹೇಳಿದ ಡಿಗ್ರಿಯದ್ದನ್ನೇ ಹಾಕಿಸಿ.

ಪ್ರಶ್ನೆ: ಮಳೆಯಲ್ಲಿ ಆಗುಂಬೆಗೆ ಹೋದಾಗ ಗಾಜಿನ ಒಳಗೆ ಮಂಜು ಕಟ್ಟುತ್ತದೆ. ಒರೆಸಿದರೆ ಜಿಡ್ಡು. ಏನೋ ಸಿಹಿ ವಾಸನೆ. ಎಡಗಡೆ ಕಾಲ ಬಳಿ ಮ್ಯಾಟ್ ಒದ್ದೆ. – ಓದುಗರು, ಹೆಬ್ರಿ

ಉತ್ತರ: ಬರೀ ಮಂಜಾಗಿದ್ದರೆ ಎಸಿ ಮತ್ತು ಬಿಸಿ ಎರಡನ್ನೂ ಒಟ್ಟಿಗೆ ಹಾಕಿ, ಹೊರಗಿನ ಗಾಳಿ ಒಳಗೆ ಬಿಟ್ಟು, ಗಾಜಿಗೆ ಊದಿಸಿ ಅನ್ನುತ್ತಿದ್ದೆ. ಎಸಿ ತೇವ ತೆಗೆಯುತ್ತದೆ, ಬಿಸಿ ಗಾಜನ್ನು ಒಣಗಿಸುತ್ತದೆ. ನಿಮ್ಮದು ಹಾಗಲ್ಲ. ಜಿಡ್ಡು, ಸಿಹಿ ವಾಸನೆ ಎರಡೂ ಇದ್ದರೆ ಹೀಟರ್ ಕೋರ್ ಲೀಕ್. ಮ್ಯಾಟಿನ ಮೇಲೆ ಬಿಳಿ ಟಿಶ್ಯೂ ಒತ್ತಿ ನೋಡಿ. ಹಸಿರೋ ಕೆಂಪೋ ಬಣ್ಣ ಬಂದರೆ ಕೂಲಂಟ್. ವಾಸನೆ ಇಲ್ಲದ ತಿಳಿ ನೀರಾದರೆ ಎಸಿಯ ಡ್ರೈನ್ ಪೈಪ್ ಕಟ್ಟಿಕೊಂಡಿದೆ, ಅದು ಸಣ್ಣ ಕೆಲಸ. ಕೂಲಂಟ್‌ನಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ವಿಷ, ರುಚಿ ಸಿಹಿ. ನಾಯಿ, ಬೆಕ್ಕು, ಮಕ್ಕಳು ಹತ್ತಿರ ಬಾರದಂತೆ ನೋಡಿಕೊಳ್ಳಿ. ರಿಪೇರಿ ಆಗುವವರೆಗೆ ಪೈಪ್ ಬೈಪಾಸ್ ಮಾಡಿಸಿದರೆ ಅಡ್ಡಿಯಿಲ್ಲ. ಆದರೆ ಕಾರು ಮಾರುವಾಗ ಕೊಳ್ಳುವವರಿಗೆ ಹೇಳಿ, ಇಲ್ಲದಿದ್ದರೆ ಅವರು ಮಡಿಕೇರಿಗೆ ಹೋಗಿ ಬಂದು ನನಗೇ ಪತ್ರ ಬರೆಯುತ್ತಾರೆ.

ಪ್ರಶ್ನೆ: ಬ್ಲೋವರ್ 4ರಲ್ಲಿ ಮಾತ್ರ ತಿರುಗುತ್ತದೆ. 1, 2, 3ರಲ್ಲಿ ಸದ್ದೇ ಇಲ್ಲ. – ಓದುಗರು, ಮಣಿಪಾಲ

ಉತ್ತರ: ಬ್ಲೋವರ್ ವೇಗ ತಗ್ಗಿಸುವ ರೆಸಿಸ್ಟರ್ ಹೋಗಿದೆ. ಮೋಟಾರ್ ಚೆನ್ನಾಗಿದೆ, ಅದನ್ನು ಬದಲಿಸಲು ಬಿಡಬೇಡಿ. ರೆಸಿಸ್ಟರ್ ಹಾಕುವಾಗ ಅದರ ಕನೆಕ್ಟರ್ ಕರಗಿದೆಯಾ ಎಂದೂ ನೋಡಿಸಿ.